ಇನ್ನೊಂದೇ ರೌಂಡು

ಬಸವೇಶ್ವರನಗರ
ಬುಧವಾರ, ರಾತ್ರಿ ಊಟವಾದ ಮೇಲೆ

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.  

ಬಸವೇಶ್ವರನಗರದಿಂದ ಕೆಂಗೇರಿ ಉಪನಗರಕ್ಕೆ ಯಾರಾದರೂ ಕಾಗದ ಬರೆಯುತ್ತಾರೆಯೇ ಎಂದು ನೀನು ನಗಬಹುದು. ಹೊಸಹಳ್ಳಿಯಲ್ಲಿ ಮೆಟ್ರೊ ಹತ್ತಿದರೆ ಸ್ವಲ್ಪ ಹೊತ್ತಿಗೆಲ್ಲ ನಿಮ್ಮನೆ ಸೋಫಾದ ಮೇಲೆ ಕೂತಿರುತ್ತೇನೆ, ನಿಜ. ಆದರೆ ಎದುರಿಗೆ ಕೂತು ಹೇಳಿದರೆ ನಿಮ್ಮಮ್ಮ ಕಾಫಿ ತರುವ ನೆಪದಲ್ಲಿ ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಾಳೆ. ಫೋನಿನಲ್ಲಿ ಹೇಳಿದರೆ ನೀನು "ಹ್ಞೂಂ ದೊಡ್ಡಪ್ಪ, ಹ್ಞೂಂ ದೊಡ್ಡಪ್ಪ" ಅನ್ನುತ್ತಾ ಇನ್ನೇನೋ ನೋಡುತ್ತಿರುತ್ತೀಯ. ವಾಟ್ಸ್‌ಆ್ಯಪ್‌ನಲ್ಲಿ ಹಾಕಿದರೆ ಹೆಬ್ಬೆಟ್ಟು ಒತ್ತಿ ಕೈ ತೊಳೆದುಕೊಳ್ಳುತ್ತೀಯ. ನಮ್ಮ ಕಾಲದಲ್ಲಿ ಓದು ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು, ಈಗ ಇಂಜಿನಿಯರಿಂಗ್ ಓದುವವರೂ ಅದನ್ನೇ ಒತ್ತುತ್ತಾರೆ. ಅದಕ್ಕೇ ಈ ಕಾಗದ. ಒಂದೇ ಉಸಿರಿಗೆ ಓದಬೇಕೆಂದೇನಿಲ್ಲ, ಬಿಡುವಾದಾಗ ಓದು.

ಸೋಮವಾರ ನಿಮ್ಮಪ್ಪ ಫೋನ್ ಮಾಡಿದ್ದ. "ಅಣ್ಣಾ, ಅವಳಿಗೆ ಗಾಡಿ ಕೊಡಿಸಿದ್ದು ನೀನು. ಟ್ರ್ಯಾಕಿಗೆ ಹೋಗಿ ಕಲಿತುಕೋ ಅಂದಿದ್ದೂ ನೀನೇ. ಈಗ ಅವರಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ" ಎಂದ. ಅವನ ಧ್ವನಿಯಲ್ಲಿ ಕೋಪಕ್ಕಿಂತ ಊಟದ ಚಿಂತೆ ಜಾಸ್ತಿ ಇದ್ದ ಹಾಗಿತ್ತು. ನಾನು ಸುಮ್ಮನೆ ಕೇಳಿಸಿಕೊಂಡೆ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲವಲ್ಲ.

ನಿಮ್ಮಮ್ಮನ ಮೇಲೆ ಸಿಡುಕಬೇಡ. 2023ರ ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರಿನ 13 ವರ್ಷದ ಹುಡುಗನೊಬ್ಬ ಚೆನ್ನೈ ಟ್ರ್ಯಾಕಿನಲ್ಲಿ ಬೈಕ್ ರೇಸ್ ಓಡಿಸುವಾಗ ಬಿದ್ದು ತೀರಿಕೊಂಡ. ಅದು ಡಾಂಬರು ಟ್ರ್ಯಾಕು, ನೀನು ಓಡಿಸುವುದು ಮಣ್ಣಿನ ಮೋಟೊಕ್ರಾಸ್ ಟ್ರ್ಯಾಕಿನಲ್ಲಿ, ಅಲ್ಲಿನ ವೇಗವೇ ಬೇರೆ, ಇಲ್ಲಿನದೇ ಬೇರೆ ಎಂದು ನೀನು ನನಗೆ ಚೆನ್ನಾಗಿ ಬಿಡಿಸಿ ಹೇಳಿದ್ದೀಯ. ಅಮ್ಮನಿಗೆ ಹಾಗೆಲ್ಲ ಬಿಡಿಸಿ ಕಾಣುವುದಿಲ್ಲ ಕಣೇ. ಅವಳಿಗೆ ಆ ದಿನದ ಪೇಪರಿನಲ್ಲಿ ಬಂದ ಮಗುವಿನ ಮುಖ ಮಾತ್ರ ನೆನಪಿದೆ. ನನಗೂ ನೆನಪಿದೆ.

ಆದರೂ ನಿನಗೆ ಗಾಡಿ ಕೊಡಿಸಿದೆ. ಯಾಕೆ ಅಂತ ನಿಮ್ಮಪ್ಪ ಕೇಳಲಿಲ್ಲ, ನಿನ್ನ ದೊಡ್ಡಮ್ಮ ಕೇಳಿದಳು. ಅವಳಿಗೆ ಕೊಟ್ಟ ಉತ್ತರವನ್ನೇ ನಿನಗೂ ಬರೆಯುತ್ತೇನೆ, ಸ್ವಲ್ಪ ಸುತ್ತು ಬಳಸು ಆದರೂ.

ನಾನು ಈ ಬಡಾವಣೆಗೆ ಬಂದಾಗ ಮುಕ್ಕಾಲುಪಾಲು ರಸ್ತೆಗಳಿಗೆ ಡಾಂಬರೇ ಇರಲಿಲ್ಲ. ಮಳೆ ಬಂದರೆ ಕೆಮ್ಮಣ್ಣು ಪಾಯಸದ ಹಾಗೆ ಹರಿಯುತ್ತಿತ್ತು. ಕಾಮಾಕ್ಷಿಪಾಳ್ಯದ ಶೆಡ್ಡಿಗೆ ಸೆಕೆಂಡ್ ಶಿಫ್ಟಿಗೆ ಹೋಗಿ ರಾತ್ರಿ ವಾಪಸ್ಸಾಗುವಾಗ ಹವಾನೂರ್ ಸರ್ಕಲ್ ಕಡೆಯಿಂದ ಒಳಗೆ ತಿರುಗಿದರೆ ಅದೇ ನಮ್ಮ ಮೋಟೊಕ್ರಾಸ್. ಗಾಡಿ ಯೆಜ್ಡಿ. ನಮ್ಮ ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿಯದ್ದು. 1961ರಿಂದ ಅಲ್ಲಿ ಜಾವಾ, ಆಮೇಲೆ ಯೆಜ್ಡಿ ತಯಾರಾಗುತ್ತಿತ್ತು, 1996ರಲ್ಲಿ ಬಾಗಿಲು ಹಾಕಿದರು. ಆ ಗಾಡಿಯ ಒಂದು ವಿಚಿತ್ರ ನಿನಗೆ ಗೊತ್ತಿರಲಿಕ್ಕಿಲ್ಲ. ಕಿಕ್ ಹೊಡೆಯುವ ಕಡ್ಡಿಯನ್ನೇ ಮುಂದಕ್ಕೆ ಮಲಗಿಸಿದರೆ ಅದೇ ಗೇರ್ ಕಡ್ಡಿ. ಒಂದೇ ಕಬ್ಬಿಣದಲ್ಲಿ ಎರಡು ಕೆಲಸ. ನಾವೆಲ್ಲ ಮೆಷಿನ್ ಮುಂದೆ ನಿಂತು ಬದುಕಿದವರಾದ್ದರಿಂದ ಅದನ್ನು ಯಾರು ಯೋಚಿಸಿದನೋ ಎಂದು ಊಟದ ಹೊತ್ತಿನಲ್ಲಿ ಮಾತಾಡಿಕೊಳ್ಳುತ್ತಿದ್ದೆವು.

ಭಾನುವಾರ ಬಂದರೆ ಶೆಡ್ಡಿನ ಹುಡುಗರೆಲ್ಲ ಸೇರಿ ಮಾಗಡಿ ರಸ್ತೆ ಹಿಡಿಯುವುದು. ತಾವರೆಕೆರೆ ದಾಟಿ ಸಾವನದುರ್ಗದ ಬುಡಕ್ಕೋ ಮಂಚನಬೆಲೆ ಹಿನ್ನೀರಿಗೋ ಹೋಗಿ, ಬರುವಾಗ ರಾಮೋಹಳ್ಳಿ ದೊಡ್ಡ ಆಲದ ಮರದ ಕೆಳಗೆ ಕಡಲೇಕಾಯಿ ತಿಂದು ಮನೆಗೆ ಬರುವುದು. ಕೆರೆಯ ಏರಿ, ಬಂಡಿ ಜಾಡು, ರಾಗಿ ಹೊಲದ ಬದು, ಎಲ್ಲಿ ದಾರಿ ಇಲ್ಲವೋ ಅಲ್ಲೇ ನುಗ್ಗಿಸುತ್ತಿದ್ದೆವು. ತಲೆಗೆ ಹೆಲ್ಮೆಟ್ ಇಲ್ಲ, ಕಾಲಿಗೆ ಹವಾಯಿ ಚಪ್ಪಲಿ. ಬಲಗಾಲಿನ ಮೀನಖಂಡದಲ್ಲಿ ಸೈಲೆನ್ಸರ್ ಸುಟ್ಟ ಕಲೆ ಈಗಲೂ ಇದೆ. ಹೇಳಿಕೊಡುವವರು ಯಾರೂ ಇರಲಿಲ್ಲ. ಬಿದ್ದಾಗ ನಕ್ಕರೆ ಅದೇ ಪಾಠ, ಅರಿಶಿನ ಹಚ್ಚಿದರೆ ಅದೇ ವೈದ್ಯ. ಅದು ಶುದ್ಧ ಪೆದ್ದುತನ. ನೀನು ಮೋಟಾರು ಸೈಕಲ್ ಕಲಿಯುತ್ತೇನೆ ಅಂದಾಗ, ಕಲಿಯುವುದಾದರೆ ಬೇಲಿ ಹಾಕಿದ ಜಾಗದಲ್ಲಿ, ಎದುರಿನಿಂದ ಲಾರಿ ಬರದ ಜಾಗದಲ್ಲಿ, ಬಿದ್ದರೆ ಎತ್ತಲು ಜನ ಇರುವ ಜಾಗದಲ್ಲಿ ಕಲಿಯಲಿ ಅನ್ನಿಸಿತು. ಅಷ್ಟೇ ನನ್ನ ಲೆಕ್ಕ. ನೈಸ್ ರಸ್ತೆಯಲ್ಲಿ ರಾತ್ರಿ ಹುಡುಗರು ಮುಂದಿನ ಚಕ್ರ ಎತ್ತಿಕೊಂಡು ಹೋಗುವುದನ್ನು ನೋಡಿದವನಿಗೆ ಮೋಟೊಕ್ರಾಸ್ ಟ್ರ್ಯಾಕು ಅಪಾಯದ ಜಾಗವಾಗಿ ಕಾಣುವುದಿಲ್ಲ, ಶಾಲೆಯಾಗಿ ಕಾಣುತ್ತದೆ.

ಇನ್ನೊಂದು ಕಾರಣ ನೀನೇ. ಚಿಕ್ಕವಳಿದ್ದಾಗ ಗಣರಾಜ್ಯೋತ್ಸವಕ್ಕೆ ನಿನ್ನನ್ನು ಮಾಣೆಕ್ ಷಾ ಪರೇಡ್ ಮೈದಾನಕ್ಕೆ ಕರೆದುಕೊಂಡು ಹೋಗಿದ್ದೆ. ಸೇನೆಯ ಎಎಸ್‌ಸಿ ಟಾರ್ನೆಡೋಸ್ ತಂಡ ಬುಲೆಟ್ ಗಾಡಿಗಳ ಮೇಲೆ ನಿಂತು, ಮಲಗಿ, ಬೆಂಕಿಯ ಬಳೆಯೊಳಗೆ ಹಾರಿ ತೋರಿಸುತ್ತಿತ್ತು. 1982ರಲ್ಲಿ ಹುಟ್ಟಿದ, ನಮ್ಮೂರಿನದೇ ತಂಡ ಅದು. ಸುತ್ತಲಿದ್ದ ಮಕ್ಕಳೆಲ್ಲ ಬೆಂಕಿ ನೋಡಿ ಕಿರುಚುತ್ತಿದ್ದರೆ ನೀನು ಮಾತ್ರ ಗಾಡಿ ಇಳಿಯುವ ಜಾಗ ನೋಡುತ್ತಿದ್ದೆ. ಮುಂದೆ 2017ರ ನವೆಂಬರಿನಲ್ಲಿ ಅದೇ ತಂಡದ 58 ಜನ ಯಲಹಂಕದಲ್ಲಿ ಒಂದೇ ಬುಲೆಟ್ ಮೇಲೆ ಹತ್ತಿ ವಿಶ್ವದಾಖಲೆ ಮಾಡಿದ ಸುದ್ದಿ ಬಂದಾಗ, ಮನೆಯವರೆಲ್ಲ ಅಷ್ಟು ಜನ ಹೇಗೆ ಕೂತರೋ ಅಂತ ಲೆಕ್ಕ ಹಾಕುತ್ತಿದ್ದರೆ, "ಬ್ರೇಕ್ ಹಿಡಿಯೋದು ಯಾರು ದೊಡ್ಡಪ್ಪ?" ಎಂದು ನೀನು ಕೇಳಿದ್ದೆ. ಹಾಗೆ ಕೇಳುವ ಮಗುವಿಗೆ ಗಾಡಿ ಕೊಡಿಸಬಹುದು ಎಂದು ಅವತ್ತೇ ಮನಸ್ಸಿಗೆ ಬಂದಿತ್ತು.

ನಿನ್ನ ಕೋಣೆಯ ಗೋಡೆಯ ಮೇಲೆ ಸಿ.ಎಸ್. ಸಂತೋಷ್ ಅವರ ಚಿತ್ರ ಇದೆ. ನಮ್ಮೂರ ಹುಡುಗ, 2015ರಲ್ಲಿ ಡಾಕರ್ ರ‍್ಯಾಲಿ ಪೂರ್ತಿ ಮಾಡಿದ ಮೊದಲ ಭಾರತೀಯ, 36ನೇ ಸ್ಥಾನ. ಅವರು ಮೊದಲು ಓಡಿಸಿದ್ದು ಇದೇ ಮಣ್ಣಿನ ಟ್ರ್ಯಾಕುಗಳಲ್ಲಿ, ಮರುಭೂಮಿ ಆಮೇಲೆ ಬಂತು. ಕೋಲಾರದ ಹತ್ತಿರ ಬಿಗ್‌ರಾಕ್ ಡರ್ಟ್‌ಪಾರ್ಕ್ ಕಟ್ಟಿ ಹೊಸಬರಿಗೆ ಕಲಿಸಲು ಶುರು ಮಾಡಿದವರೂ ಅವರೇ. ನಿನ್ನಂಥವರು ಭಾನುವಾರ ಬೆಳಗಾದರೆ ಊರ ಪೂರ್ವದ ಹೆದ್ದಾರಿ ಹಿಡಿಯುವುದರಲ್ಲಿ ಅವರ ಪಾಲು ದೊಡ್ಡದು. ಆದರೆ ಆ ಚಿತ್ರದ ಪಕ್ಕದಲ್ಲೇ ಇದನ್ನೂ ನೆನಪಿಟ್ಟುಕೋ: 2013ರಲ್ಲಿ ಅಬುಧಾಬಿಯಲ್ಲಿ ಗಾಡಿಗೆ ಬೆಂಕಿ ಹತ್ತಿ ಅವರ ಕುತ್ತಿಗೆ ಸುಟ್ಟಿತ್ತು. 2021ರ ಜನವರಿಯಲ್ಲಿ ಸೌದಿ ಅರೇಬಿಯಾದ ಮರಳಿನಲ್ಲಿ ಬಿದ್ದಾಗ ರಿಯಾದ್‌ನ ಆಸ್ಪತ್ರೆಯಲ್ಲಿ ಔಷಧ ಕೊಟ್ಟು ಪ್ರಜ್ಞೆಯಿಲ್ಲದೆ ಮಲಗಿಸಿದ್ದರು. ವಾಪಸ್ ಬಂದರು, ದೇವರು ದೊಡ್ಡವನು. ಐಶ್ವರ್ಯಾ ಪಿಸ್ಸೆ, ಅವಳೂ ಬೆಂಗಳೂರಿನ ಮಗಳೇ. 2018ರಲ್ಲಿ ಸ್ಪೇನಿನಲ್ಲಿ ಬಿದ್ದು ಹೊಟ್ಟೆಯೊಳಗೆ ಮೇದೋಜೀರಕಕ್ಕೆ ಏಟಾಗಿತ್ತು. ಮರುವರ್ಷ ಎದ್ದು ಹೋಗಿ ಬಾಹಾ ವಿಶ್ವಕಪ್‌ನ ಮಹಿಳೆಯರ ವಿಭಾಗ ಗೆದ್ದಳು. ಇನ್ನು ನಿನ್ನ ದೊಡ್ಡಮ್ಮನ ಮಟ್ಟಿಗೆ ಡಾಕರ್ ಎಂದರೆ ಉಡುಪಿಯ ಕೆ.ಪಿ. ಅರವಿಂದ್ ಒಬ್ಬರೇ. ಅದೂ ಅವರು 2019ರಲ್ಲಿ ಅದನ್ನು ಪೂರ್ತಿ ಮಾಡಿ 37ನೆಯವರಾಗಿ ಬಂದರೆಂದಲ್ಲ, ಬಿಗ್ ಬಾಸ್ ಮನೆಯಲ್ಲಿ ಕೂತಿದ್ದರೆಂದು. "ಪಾಪ, ಆ ಹುಡುಗ ಗೆಲ್ಲಬೇಕಿತ್ತು" ಎಂದು ಈಗಲೂ ಹೇಳುತ್ತಾಳೆ. ನಾನು ಡಾಕರ್ ವಿಷಯ ಅಂದುಕೊಂಡು ತಲೆಯಾಡಿಸುತ್ತೇನೆ.

ಈಗ ಹೋದ ಭಾನುವಾರಕ್ಕೆ ಬರುತ್ತೇನೆ.

ನಿನ್ನ ಗೆಳತಿಯ ಅಣ್ಣನ ಕಾರಿನಲ್ಲಿ ನಿನ್ನ ಹಿಂದೆಯೇ ಬಂದೆನಲ್ಲ, ದಾರಿಯುದ್ದಕ್ಕೂ ನಿನ್ನ ಬೆನ್ನೇ ನೋಡುತ್ತಿದ್ದೆ. ಟ್ರ್ಯಾಕಿನಲ್ಲಿ ನೀನು ಕನ್ನಡಿ ಬಿಚ್ಚಿಟ್ಟು, ಹೆಡ್‌ಲೈಟಿಗೆ ಟೇಪು ಸುತ್ತಿ, ಟೈರಿನ ಗಾಳಿ ಇಳಿಸಿಕೊಂಡದ್ದು ನೋಡಿ ನನಗೆ ಸಂತೋಷವಾಯಿತು. ಹೊರಡುವ ಮುಂಚೆ ಗಾಡಿ ಸುತ್ತ ಒಂದು ಸಲ ಓಡಾಡಿ, ಚೈನು ಮುಟ್ಟಿ, ಚಕ್ರದ ಕಡ್ಡಿಗಳನ್ನು ತಟ್ಟಿ ನೋಡಿದೆ. ಮೆಷಿನ್ ಮುಂದೆ ನಿಲ್ಲುವವರ ಗುಣ ಅದು, ಯಾರು ಕಲಿಸಿದರೋ.

ಬೇಲಿ ಹಿಡಿದು ನಿಂತು ನಾನೂ ಒಂದಷ್ಟು ಕಲಿತೆ ಅನ್ನು. ಕಲಿಸುವ ಹುಡುಗ ಮೊದಲು ನಿಮ್ಮನ್ನೆಲ್ಲ ಫುಟ್‌ರೆಸ್ಟ್ ಮೇಲೆ ನಿಲ್ಲಿಸಿದ. ನನಗೆ ಮೊದಲು ಅದು ಶೋಕಿ ಅನ್ನಿಸಿತ್ತು. ಆಮೇಲೆ ಅರ್ಥವಾಯಿತು. ಕೂತರೆ ಗುಂಡಿಯ ಏಟು ಸೀಟಿನಿಂದ ನೇರ ಬೆನ್ನುಮೂಳೆಗೆ ಬರುತ್ತದೆ, ನಿಂತರೆ ಮೊಣಕಾಲೇ ಇನ್ನೊಂದು ಸಸ್ಪೆನ್ಷನ್. ಗಾಡಿಯನ್ನು ಹಿಡಿಯಬೇಕಾದ್ದು ತೊಡೆ ಮತ್ತು ಮೊಣಕಾಲಿನಲ್ಲಿ, ಹ್ಯಾಂಡಲ್ ಮೇಲೆ ಕೈ ಇರಬೇಕಾದ್ದು ಹೂವು ಹಿಡಿದಷ್ಟು ಸಡಿಲ ಎಂದು ಅವನು ಮತ್ತೆ ಮತ್ತೆ ಕೂಗಿ ಹೇಳುತ್ತಿದ್ದ. ಮೊಣಕೈ ಹೊರಗೆ, ಕಣ್ಣು ಮುಂದಿನ ಚಕ್ರದ ಮೇಲಲ್ಲ, ತಿರುವಿನ ಆ ತುದಿಯ ಮೇಲೆ. ತಿರುವಿನಲ್ಲಿ ಮಾತ್ರ ಸೀಟಿನ ಮುಂದಕ್ಕೆ ಜಾರಿ ಟ್ಯಾಂಕಿನ ಹತ್ತಿರ ಕೂತು, ಒಳಗಿನ ಕಾಲು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹೊರಗಿನ ಫುಟ್‌ರೆಸ್ಟ್ ಮೇಲೆ ಹಾಕುವುದು. ಬಾಗುವುದು ಒಂದು ಕಡೆ, ತುಳಿಯುವುದು ಇನ್ನೊಂದು ಕಡೆ! ಆದರೆ ಚಕ್ರ ಮಣ್ಣು ಕಚ್ಚಿಕೊಳ್ಳುವುದು ಹಾಗೇ.

ಆ ಚಪ್ಪಟೆ ತಲೆಯ ದಿಬ್ಬ, ನೀವು ಟೇಬಲ್‌ಟಾಪ್ ಅನ್ನುತ್ತೀರಲ್ಲ, ಅದರ ಮೇಲೆ ನೀನು ಹಾರದೆ ಉರುಳಿಸಿಕೊಂಡು ಹೋದಾಗ ಬೇಲಿಯ ಹತ್ತಿರ ನಿಂತಿದ್ದ ಹುಡುಗನೊಬ್ಬ ನಕ್ಕ. ನಾನು ಅವನ ಕಡೆ ನೋಡಿದೆ, ಸುಮ್ಮನಾದ. ನಿನ್ನ ಎಕ್ಸ್‌ಪಲ್ಸ್ ಗಾಡಿ ಒಂದೂವರೆ ಕ್ವಿಂಟಾಲಿಗಿಂತ ಹೆಚ್ಚು ತೂಗುತ್ತದೆ. ಮುಂದಿನ ಸಸ್ಪೆನ್ಷನ್ ಕುಗ್ಗುವುದು 190 ಮಿಲಿಮೀಟರ್, ಹಿಂದಿನದು 170. ಅಲ್ಲಿ ಹಾರುತ್ತಿದ್ದವರ ಮೋಟೊಕ್ರಾಸ್ ಗಾಡಿಗಳು ನೂರು ಕೆಜಿಗೆ ಸ್ವಲ್ಪ ಮೇಲೆ, ಅವುಗಳ ಸಸ್ಪೆನ್ಷನ್ 300 ಮಿಲಿಮೀಟರ್ ಆಸುಪಾಸು. ದೀಪ, ಇಂಡಿಕೇಟರ್, ಸ್ಟ್ಯಾಂಡು ಯಾವುದೂ ಇಲ್ಲದ, ಹಾರುವುದಕ್ಕೆಂದೇ ಹುಟ್ಟಿದ ಗಾಡಿಗಳು. ನಿನ್ನದು ಕಾಡುದಾರಿಗೆ ಹುಟ್ಟಿದ್ದು. ಆ ಟ್ರ್ಯಾಕನ್ನು ಪೂರ್ತಿ ಸುತ್ತುತ್ತದೆ, ಎಲ್ಲ ಕಲಿಸುತ್ತದೆ, ಹಾರಿಸಿದರೆ ಮಾತ್ರ ಇಳಿಯುವಾಗ ತಳಕ್ಕೆ ಹೊಡೆದು ನಿನ್ನ ಮಣಿಕಟ್ಟಿನಲ್ಲಿ ಲೆಕ್ಕ ಚುಕ್ತಾ ಮಾಡುತ್ತದೆ. ಹಾರುವ ದಿನ ಬಂದಾಗಲೂ ದಿಬ್ಬದ ತುದಿಯಲ್ಲಿ ಹೆದರಿ ಆಕ್ಸಲರೇಟರ್ ಬಿಟ್ಟರೆ ಮೂತಿ ಕೆಳಗಾಗುತ್ತದಂತೆ. ಗಾಳಿಯಲ್ಲಿದ್ದಾಗ ಹಿಂಬ್ರೇಕ್ ತುಳಿದರೂ ಹಾಗೇ. ಸುತ್ತುತ್ತಿದ್ದ ಚಕ್ರವನ್ನು ತಟ್ಟನೆ ನಿಲ್ಲಿಸಿದರೆ ಅದರ ರಭಸವೆಲ್ಲ ಗಾಡಿಯ ಮೈಗೆ ಬರುತ್ತದೆ. ಫ್ಲೈವೀಲ್ ಬಲ್ಲವನಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ.

ಇದೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಕಾಗದ ಹಿಡಿದದ್ದು ಅವತ್ತು ಮಧ್ಯಾಹ್ನದ ಊಟವಾದ ಮೇಲೆ ನಡೆದದ್ದಕ್ಕೆ.

ಬೆಳಿಗ್ಗೆ ನಿನ್ನ ಮೊಣಕೈ ಎರಡೂ ಚೆನ್ನಾಗಿ ಹೊರಕ್ಕಿದ್ದವು. ಮಧ್ಯಾಹ್ನ ಬಿಸಿಲು ಏರಿದ ಹಾಗೆ ಅವು ಇಳಿಯುತ್ತಾ ಬಂದು ಪಕ್ಕೆಗೆ ಅಂಟಿಕೊಂಡವು. ನಿಲ್ಲಬೇಕಾದ ಕಡೆಯೆಲ್ಲ ಕೂರತೊಡಗಿದೆ. ದಿಬ್ಬ ಇಳಿಯುವಾಗ ಹ್ಯಾಂಡಲನ್ನು ಬಸ್ಸಿನ ಕಂಬಿಯಂತೆ ತಬ್ಬಿದ್ದೆ. ಆಮೇಲೆ ಹೊರಗೆ ಬಂದು ನೀರು ಕೇಳಿದೆ. ಹೆಲ್ಮೆಟ್ ತೆಗೆಯಲು ಹೋಗಿ ಗದ್ದದ ಕೆಳಗಿನ ಪಟ್ಟಿ ಬಿಚ್ಚಲು ನೋಡಿದೆ. ಆ ಎರಡು ಉಂಗುರಗಳ ನಡುವಿನಿಂದ ಪಟ್ಟಿ ಎಳೆಯುವುದು ನೀನು ಕಣ್ಣು ಮುಚ್ಚಿ ಮಾಡುವ ಕೆಲಸ. ಆಗಲಿಲ್ಲ. ಹೆಬ್ಬೆಟ್ಟು, ತೋರುಬೆರಳು ಪಟ್ಟಿಯನ್ನು ಹಿಡಿಯುತ್ತಿದ್ದವು, ಎಳೆಯುತ್ತಿರಲಿಲ್ಲ. ಕತ್ತು ಎತ್ತಿ ನನ್ನ ಮುಂದೆ ನಿಂತೆ, ನಾನೇ ಬಿಚ್ಚಿದೆ. ಮುಂಗೈ ಮುಟ್ಟಿ ನೋಡಿದರೆ ಕಲ್ಲಿನ ಹಾಗಿತ್ತು. ಬಾಟಲಿಯ ಮುಚ್ಚಳವನ್ನೂ ನಾನೇ ತಿರುಗಿಸಿ ಕೊಟ್ಟೆ. ನೀರು ಕುಡಿದು, ಮುಖ ಒರೆಸಿಕೊಂಡು, ಹೆಲ್ಮೆಟನ್ನು ಮತ್ತೆ ತಲೆಗೇರಿಸಿ ಹೇಳಿದೆಯಲ್ಲ, "ಇನ್ನೊಂದೇ ರೌಂಡು ದೊಡ್ಡಪ್ಪ, ಆಮೇಲೆ ಹೊರಡೋಣ."

ಪಟ್ಟಿ ಕಟ್ಟಿ ಕಳಿಸಿದವನೂ ನಾನೇ. ಬಾಯಿ ಬಿಡಬೇಕಿತ್ತು, ಬಿಡಲಿಲ್ಲ.

ಕೊನೆಯ ತಿರುವಿನ ಮಣ್ಣುಗೋಡೆಯ ಹತ್ತಿರ ಬ್ರೇಕ್ ತಡವಾಗಿ ಹಿಡಿದು ಬಿದ್ದೆ. ದೊಡ್ಡದೇನಲ್ಲ, ಕ್ಲಚ್ ಲಿವರ್ ಬಾಗಿತು, ಮೊಣಕೈ ತರಚಿತು. ಹಳದಿ ಬಾವುಟ ತೋರಿಸಿ ಹಿಂದಿನವರನ್ನು ನಿಧಾನ ಮಾಡಿಸಿದರು, ನೀನು ಗಾಡಿ ಎತ್ತಿಕೊಂಡು ಪಕ್ಕಕ್ಕೆ ಬಂದೆ. ನಕ್ಕೆ ಕೂಡ. ಆಮೇಲೆ ಅದೇ ಬಾಗಿದ ಲಿವರನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಹೊಸಕೋಟೆ ದಾಟಿ, ಕೆ.ಆರ್. ಪುರ, ಟಿನ್ ಫ್ಯಾಕ್ಟರಿಯ ಭಾನುವಾರ ಸಂಜೆಯ ಸಾಲಿನಲ್ಲಿ ತೆವಳಿ, ಊರನ್ನು ಈ ತುದಿಯಿಂದ ಆ ತುದಿಗೆ ದಾಟಿ ಕೆಂಗೇರಿ ಸೇರಿದೆ. ಕಾರಿನಲ್ಲಿ ಕೂತಿದ್ದ ನನಗೆ ಟ್ರ್ಯಾಕಿನಲ್ಲಿ ಬಿದ್ದದ್ದಕ್ಕಿಂತ ಆ ದಾರಿಯೇ ಹೆಚ್ಚು ಭಯ ಹುಟ್ಟಿಸಿತು. ಪ್ರತಿ ಬಸ್ಸಿನ ಹಿಂದೆ ನೀನು ನಿಂತಾಗಲೂ ನಾನು ಕಾರಿನ ನೆಲದ ಮೇಲೆ ಇಲ್ಲದ ಬ್ರೇಕನ್ನು ತುಳಿಯುತ್ತಿದ್ದೆ.

ನಮ್ಮ ಶೆಡ್ಡಿನ ಒಂದು ವಿಷಯ ನಿನಗೆ ಹೇಳಿಲ್ಲ. ನಮ್ಮಲ್ಲಿ ಪವರ್ ಪ್ರೆಸ್ ಇತ್ತು. ತಗಡು ಇಡು, ಪೆಡಲ್ ತುಳಿ, ಮೇಲಿನ ಡೈ ಬಂದು ಕಡಿದು ಹೋಗುತ್ತದೆ, ಪೀಸ್ ತೆಗೆ, ಮತ್ತೆ ತಗಡು ಇಡು. ಇಡೀ ದಿನ ಅದೇ. ಕೈ ಒಂದು ಲಯಕ್ಕೆ ಬಿದ್ದುಬಿಡುತ್ತದೆ, ಬುದ್ಧಿ ಇನ್ನೆಲ್ಲೋ ಇರುತ್ತದೆ. ಆರ್ಡರ್ ಜೋರಾಗಿದ್ದ ದಿನಗಳಲ್ಲಿ ಓಟಿ ಇರುತ್ತಿತ್ತು. ಆ ಸಾಲಿನ ಶೆಡ್ಡುಗಳಲ್ಲಿ ಬೆರಳು ಹೋದವರನ್ನು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಕರೆದುಕೊಂಡು ಹೋದ ನೆನಪೆಲ್ಲ ಓಟಿ ಹೊತ್ತಿನವು. ಬೆಳಗಿನ ಶಿಫ್ಟಿನಲ್ಲಿ ಹಾಗಾದದ್ದು ನನಗೆ ನೆನಪಿಲ್ಲ. ಕೆಲಸ ಬಾರದವರಿಗೆ ಆಗುತ್ತಿತ್ತು ಅಂದುಕೊಳ್ಳಬೇಡ. ಕೈ ಪಳಗಿದವರಿಗೇ, ಧೈರ್ಯ ಇದ್ದವರಿಗೇ. ನಮ್ಮ ಶೆಡ್ಡಿನ ಒಬ್ಬ ಹುಡುಗ, ಹಾಸನದ ಕಡೆಯವನು, ಒಳ್ಳೆ ಕೆಲಸಗಾರ, ಒಂದು ಸಂಜೆ ಕೈ ಒರೆಸಿಕೊಂಡು ಎದ್ದಿದ್ದ. ನಾನು ಆಗ ಚಾರ್ಜ್‌ಹ್ಯಾಂಡ್. "ಆ ತಟ್ಟೆಯಲ್ಲಿರೋದಷ್ಟು ಮುಗಿಸಿಬಿಡಪ್ಪ, ಇನ್ನೇನು ಐದು ನಿಮಿಷ" ಅಂದೆ. ಅವನು ಇಲ್ಲವೆನ್ನದೆ ಕೂತ. ಎಡಗೈಯ ಎರಡು ಬೆರಳು ಹೋದವು. ಊರಿನಲ್ಲಿ ಅಂಗಡಿ ಇಟ್ಟುಕೊಂಡಿದ್ದಾನೆ, ಮದುವೆ ಮುಂಜಿಗೆ ಕರೆಯುತ್ತಾನೆ, ನನ್ನ ಮೇಲೆ ಮುನಿಸಿಲ್ಲ.

ದಣಿದ ಕೈಗೆ ತಾನು ದಣಿದದ್ದು ತಿಳಿಯುವುದಿಲ್ಲ ಪುಟ್ಟಿ, ಅದೇ ಇದರಲ್ಲಿರುವ ಮೋಸ. ಮೊನ್ನೆ ನಮ್ಮ ಬೀದಿಯ ಡಾಕ್ಟರನ್ನು ಕೇಳಿದೆ. ಮುಂಗೈಯ ಸ್ನಾಯುಗಳಿಗೆ ಒಂದು ಗಟ್ಟಿ ಪೊರೆ ಸುತ್ತಿಕೊಂಡಿರುತ್ತದಂತೆ. ಬಿಗಿ ಹಿಡಿತದಲ್ಲಿ ರಕ್ತ ನುಗ್ಗಿ ಸ್ನಾಯು ಉಬ್ಬುತ್ತದೆ, ಪೊರೆ ಹಿಗ್ಗುವುದಿಲ್ಲ. ಒಳಗೆ ಒತ್ತಡ ಏರಿ, ಬೆರಳಿಗೆ ಬಲ ಇಲ್ಲದ ಹಾಗಾಗುತ್ತದೆ. ನೀವು ಆರ್ಮ್ ಪಂಪ್ ಅನ್ನುವುದು ಇದನ್ನೇ ತಾನೆ? ಕೆಲವು ದೊಡ್ಡ ರೇಸುಗಾರರು ಆ ಪೊರೆಯನ್ನು ಕೊಯ್ಯಿಸಿಕೊಳ್ಳುವುದೂ ಉಂಟಂತೆ. ವಿಶ್ವ ಚಾಂಪಿಯನ್‌ಷಿಪ್‌ನವರಿಗೆ ಒಂದು ಮೋಟೊ, ಅಂದರೆ ಒಂದು ಓಟ, 30 ನಿಮಿಷ, ಮೇಲೆ 2 ಸುತ್ತು. ಅವರು ಅದಕ್ಕಾಗಿ ವರ್ಷವಿಡೀ ಮೈ ಹುರಿಗೊಳಿಸುತ್ತಾರೆ. ನೀನು ವಾರವೆಲ್ಲ ಕಾಲೇಜಿನ ಬೆಂಚಿನ ಮೇಲೆ ಕೂತು ಭಾನುವಾರ ಒಂದೇ ದಿನಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಓಡಿಸುತ್ತೀಯ.

ಆದ್ದರಿಂದ ನಾನು ಕೇಳುವುದು ಒಂದೇ. ಟ್ರ್ಯಾಕಿನಲ್ಲಿ "ಇನ್ನೊಂದೇ ರೌಂಡು" ಅನ್ನುವ ಮಾತು ಬಾಯಿಗೆ ಬಂತೋ, ಆ ರೌಂಡು ಹೋಗಬೇಡ. ಅಷ್ಟೇ. ಹಾರಬೇಡ, ಜೋರಾಗಿ ಓಡಿಸಬೇಡ, ಹುಡುಗರ ಜೊತೆ ಪೈಪೋಟಿಗೆ ಬೀಳಬೇಡ ಎಂದೆಲ್ಲ ನಾನು ಹೇಳುವುದಿಲ್ಲ. ಹೇಳಿದರೂ ನೀನು ಕೇಳುವುದಿಲ್ಲ. ಇದೊಂದು ಮಾತ್ರ ಕೇಳು. ಹಾಗೂ ಅನುಮಾನ ಬಂದರೆ ಹೆಲ್ಮೆಟ್ಟಿನ ಪಟ್ಟಿಯನ್ನೇ ಕೇಳು. ನಿನ್ನ ಕೈಯಿಂದ ನೀನೇ ಅದನ್ನು ಬಿಚ್ಚಲು ಆಗದಿದ್ದರೆ ಆ ದಿನಕ್ಕೆ ಹೆಲ್ಮೆಟ್ ತಲೆಗೆ ಏರುವುದು ಬೇಡ. ಬಿಚ್ಚಿ ಕೊಡಲು ನಾನಿರಲಿ, ನಿನ್ನ ಗೆಳತಿ ಇರಲಿ, ಸಹಾಯ ಕೇಳು, ಆದರೆ ಮತ್ತೆ ಕಟ್ಟಿಕೊಡಿ ಎಂದು ಕೇಳಬೇಡ.

"ಇನ್ನೂ ಆಸೆ ಇರುವಾಗ ನಿಲ್ಲಿಸೋದು ಹೇಗೆ ದೊಡ್ಡಪ್ಪ" ಅನ್ನುತ್ತೀಯ. ಆಸೆ ಇರುವಾಗಲೇ ನಿಲ್ಲಿಸಬೇಕು, ಆಸೆ ತೀರುವ ಹೊತ್ತಿಗೆ ಕೈ ಯಾವಾಗಲೋ ಮುಗಿದಿರುತ್ತದೆ. ಅಲ್ಲದೆ ನಿನ್ನ ದಿನ ಟ್ರ್ಯಾಕಿನ ಗೇಟಿನಲ್ಲಿ ಮುಗಿಯುವುದಿಲ್ಲ, ಟಿನ್ ಫ್ಯಾಕ್ಟರಿ ಇನ್ನೂ ಬಾಕಿ ಇರುತ್ತದೆ. ಲಾರಿಯವನಿಗೆ ನೀನು ಬೆಳಿಗ್ಗೆಯಿಂದ ಏನು ಮಾಡಿ ಬಂದೆ ಎಂದು ಗೊತ್ತಿಲ್ಲ. ಮನೆ ತಲುಪುವಷ್ಟು ಕೈಯನ್ನು ಮೊದಲು ಎತ್ತಿಟ್ಟುಕೊಂಡು, ಉಳಿದದ್ದನ್ನು ಟ್ರ್ಯಾಕಿನಲ್ಲಿ ಖರ್ಚು ಮಾಡು. ಮಧ್ಯಾಹ್ನ ಊಟವಾದ ಮೇಲೆ ಇಳಿಯುವುದಾದರೆ ಮುಂಚೆಯೇ ಅರ್ಧ ಗಂಟೆ ನೆರಳಿನಲ್ಲಿ ಮಲಗು, ಸಂಕೋಚ ಪಡಬೇಡ. ವಾಪಸ್ಸಿಗೆ ಗಾಡಿಯನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದರೂ ನಷ್ಟವಿಲ್ಲ. ನಿನ್ನ ಜೊತೆಯವರು ನಾಲ್ಕು ಜನ ಸೇರಿಕೊಂಡರೆ ಖರ್ಚು ಹಂಚಿಹೋಗುತ್ತದೆ. ನನ್ನ ಪಾಲು ನಾನು ಕೊಡುತ್ತೇನೆ, ನಿಮ್ಮಪ್ಪನಿಗೆ ಹೇಳಬೇಡ.

ನಿಮ್ಮಮ್ಮನ ವಿಷಯ. ಒಂದು ಭಾನುವಾರ ಅವಳನ್ನೂ ಕರೆದುಕೊಂಡು ಹೋಗೋಣ. ಹುಲ್ಲಿನ ಮೇಲೆ ಚಾಪೆ ಹಾಕಿ ಕೂರಿಸಿದರೆ, ನೀನು ಆ ದಿಬ್ಬಗಳ ಮೇಲೆ ಎಷ್ಟು ನಿಧಾನಕ್ಕೆ ಉರುಳಿಸುತ್ತೀಯ ಎಂದು ಕಣ್ಣಾರೆ ನೋಡುತ್ತಾಳೆ. ಅವಳ ಕಲ್ಪನೆಯಲ್ಲಿ ನೀನು ಈಗ ಬೆಂಕಿಯ ಬಳೆಯೊಳಗೆ ಹಾರುತ್ತಿದ್ದೀಯ.

ಇನ್ನು ಗಾಡಿಯ ವಿಚಾರ. ಬಾಗಿದ ಕ್ಲಚ್ ಲಿವರನ್ನು ಬಗ್ಗಿಸಿ ನೆಟ್ಟಗೆ ಮಾಡಲು ಹೋಗಬೇಡ, ಎರಕದ ಅಲ್ಯೂಮಿನಿಯಂ ಅದು, ಇನ್ನೊಂದು ಸಲ ಬಗ್ಗಿಸಿದರೆ ಮುರಿಯುತ್ತದೆ. ನಿನ್ನೆ ಜೆ.ಸಿ. ರಸ್ತೆಗೆ ಹೋಗಿ ಎರಡು ತಂದಿದ್ದೇನೆ, ಒಂದು ಹಾಕುವುದಕ್ಕೆ, ಒಂದು ಬ್ಯಾಗಿನಲ್ಲಿಟ್ಟುಕೊಳ್ಳುವುದಕ್ಕೆ. ಹಾಕುವಾಗ ಹ್ಯಾಂಡಲಿಗೆ ಬಿಗಿಯುವ ಬೋಲ್ಟುಗಳನ್ನು ಪೂರ್ತಿ ಬಿಗಿಯಬೇಡ. ಓಡಿಸುವಾಗ ಅಲುಗದಷ್ಟು, ಆದರೆ ಕೈಯಿಂದ ಬಲವಾಗಿ ತಿರುಗಿಸಿದರೆ ತಿರುಗುವಷ್ಟು ಇರಲಿ. ಬಿದ್ದಾಗ ಲಿವರ್ ಮುರಿಯುವ ಬದಲು ಸುತ್ತಿಕೊಳ್ಳುತ್ತದೆ. ಏರ್ ಫಿಲ್ಟರ್ ಬಿಚ್ಚಿ ನೋಡಿದೆಯಾ? ಆ ಧೂಳಿನಲ್ಲಿ ಒಂದು ದಿನ ಓಡಿಸಿದರೆ ಊರಿನ ರಸ್ತೆಯ ಎಷ್ಟೋ ತಿಂಗಳ ಕೊಳೆ ಕೂತಿರುತ್ತದೆ. ಚೈನಿಗೆ ಎಣ್ಣೆ ಹಾಕುವ ಮುಂಚೆ ಸೀಮೆಎಣ್ಣೆಯಲ್ಲಿ ಬ್ರಷ್ ಅದ್ದಿ ತೊಳಿ, ಮಣ್ಣಿನ ಮೇಲೆ ಎಣ್ಣೆ ಸುರಿದರೆ ಸ್ಪ್ರಾಕೆಟ್ ಸವೆಯುವುದಷ್ಟೇ ಲಾಭ.

ಶುಕ್ರವಾರ ಕಾಲೇಜು ಬಿಟ್ಟ ಮೇಲೆ ಬಂದು ಲಿವರ್ ತೆಗೆದುಕೊಂಡು ಹೋಗು. ಬರುವಾಗ ಮೆಟ್ರೊದಲ್ಲಿ ಬಾ, ಗಾಡಿಗೂ ಸ್ವಲ್ಪ ರಜ ಸಿಗಲಿ. ನಿನ್ನ ದೊಡ್ಡಮ್ಮ ಯುಗಾದಿಗೆ ಹೋಳಿಗೆ ಕೊಟ್ಟು ಕಳಿಸಿದ್ದ ದೊಡ್ಡ ಸ್ಟೀಲ್ ಡಬ್ಬಿ ನಿಮ್ಮಲ್ಲೇ ಉಳಿದಿದೆಯಂತೆ, ಮುಚ್ಚಳದ ಸಮೇತ ತರಬೇಕೆಂದು ಒತ್ತಿ ಹೇಳಿದ್ದಾಳೆ.

ಇತಿ ನಿನ್ನ
ದೊಡ್ಡಪ್ಪ